ಎನ್‌ಕ್ರಿಪ್ಟ್ ಆದ ಹಾರ್ಡ್ ಡಿಸ್ಕಿನಿಂದ ಕಳೆದುಹೋದ ಕಡತಗಳನ್ನು ಮರಳಿ ಪಡೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿ ಅಳಿಸಿಹೋದ ಕಡತ ನಿಜವಾಗಿಯೂ ಮರಳಿ ಸಿಗುತ್ತದೆಯೇ?

ಎನ್‌ಕ್ರಿಪ್ಟ್ ಮಾಡುವುದೆಂದರೆ ದತ್ತಾಂಶವನ್ನು ಕೀಲಿಯಿಲ್ಲದೆ ಓದಲಾಗದಂತೆ ಮುಚ್ಚಿಡುವುದು. ಹಾಗಿದ್ದರೂ ಕಡತ ಸಿಗುವ ಸಾಧ್ಯತೆ ಇದೆ. ಅದು ಎರಡು ಸಂಗತಿಗಳನ್ನು ಅವಲಂಬಿಸಿರುತ್ತದೆ: ಡಿಸ್ಕಿನ ಕೀಲಿ ನಿಮ್ಮ ಬಳಿ ಇದೆಯೇ, ಮತ್ತು ಅಳಿಸಿದ ಕಡತವಿದ್ದ ಜಾಗದ ಮೇಲೆ ಬೇರೆ ದತ್ತಾಂಶ ಬಂದು ಕುಳಿತಿದೆಯೇ. ಹೆಚ್ಚಿನವರು ಎರಡನೆಯದನ್ನೇ ಮೊದಲು ಹಿಡಿದುಕೊಂಡು ಅಂತರ್ಜಾಲದಲ್ಲಿ ಸಿಕ್ಕ ರಿಕವರಿ ತಂತ್ರಾಂಶವನ್ನು ಇಳಿಸಿಕೊಂಡು ಓಡಿಸುತ್ತಾರೆ. ಆದರೆ ಬೀಗ ತೆರೆಯದ ಡಿಸ್ಕಿನಲ್ಲಿ ಯಾವ ತಂತ್ರಾಂಶಕ್ಕೂ ಕಾಣುವುದು ಗೊತ್ತುಗುರಿಯಿಲ್ಲದ ಬೈಟುಗಳ ರಾಶಿಯಷ್ಟೇ. ಕೀಲಿ ಸಿಕ್ಕಿ ಬೀಗ ತೆರೆದ ಮೇಲೆ, ಅಳಿಸಿದ ಕಡತವನ್ನು ಹುಡುಕುವ ಕೆಲಸ ಸಾಮಾನ್ಯ ಡಿಸ್ಕಿನಲ್ಲಿ ಇರುವಂತೆಯೇ ಇರುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಕಡತವನ್ನು ಅಳಿಸಿದಾಗ ಅದರ ದಾಖಲೆಯ ಮೇಲೆ 'ಬಳಕೆಯಲ್ಲಿಲ್ಲ' ಎಂಬ ಗುರುತು ಬಿದ್ದು, ಅದು ಹಿಡಿದಿದ್ದ ಜಾಗ ಖಾಲಿ ಎಂದು ನಮೂದಾಗುತ್ತದೆ. ಒಳಗಿನ ಬೈಟುಗಳು ಮೇಲೆ ಇನ್ನೇನಾದರೂ ಬರೆಯುವವರೆಗೆ ಹಾಗೆಯೇ ಉಳಿದಿರುತ್ತವೆ. ಆದ್ದರಿಂದ ಮೊದಲು ಕೀಲಿಯನ್ನು ಹುಡುಕಬೇಕು, ಕಡತವನ್ನು ಆಮೇಲೆ.

ಅನಾಹುತವಾಗಿದೆ ಎಂದು ಗೊತ್ತಾದ ಕೂಡಲೇ ಏನು ಮಾಡಬೇಕು?

ಕಂಪ್ಯೂಟರಿನಲ್ಲಿ ಡಿಸ್ಕ್ ಇನ್ನೂ ತೆರೆದ ಸ್ಥಿತಿಯಲ್ಲಿಯೇ ಇದೆಯೇ ಎಂದು ಮೊದಲು ನೋಡಿ. ತೆರೆದಿದ್ದು ಪಾಸ್‌ವರ್ಡಿನ ಬಗ್ಗೆ ಅನುಮಾನವಿದ್ದರೆ, ಅಥವಾ ಡಿಸ್ಕಿನ ಹೆಡರ್ (ಕೀಲಿಯನ್ನು ಇಟ್ಟಿರುವ ಚಿಕ್ಕ ಭಾಗ) ಹಾಳಾಗಿರಬಹುದೆಂಬ ಶಂಕೆಯಿದ್ದರೆ, ದಯವಿಟ್ಟು ಕಂಪ್ಯೂಟರನ್ನು ಆರಿಸಬೇಡಿ. ಆ ಹೊತ್ತಿನಲ್ಲಿ ಕೀಲಿ ಕಂಪ್ಯೂಟರಿನ ಸ್ಮೃತಿಯಲ್ಲಿ (ರ‍್ಯಾಮ್) ಇರುತ್ತದೆ. ಬೇಕಾದ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವುದಕ್ಕೂ, ವಿಂಡೋಸಿನದೇ ಎನ್‌ಕ್ರಿಪ್ಷನ್ ವ್ಯವಸ್ಥೆಯಾದ ಬಿಟ್‌ಲಾಕರ್ ಆಗಿದ್ದರೆ ರಿಕವರಿ ಕೀಲಿಯನ್ನು ಉಳಿಸಿಕೊಳ್ಳುವುದಕ್ಕೂ ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರುವುದಿಲ್ಲ. ಕೀಲಿಯ ಬಗ್ಗೆ ಚಿಂತೆಯಿಲ್ಲ, ಕಡತ ಮಾತ್ರ ಅಳಿಸಿದೆ ಎಂದಾದರೆ ಇದಕ್ಕೆ ತದ್ವಿರುದ್ಧ: ಆ ಡಿಸ್ಕಿನ ಮೇಲೆ ಬರೆಯುವ ಎಲ್ಲ ಕೆಲಸಗಳನ್ನೂ ನಿಲ್ಲಿಸಿ ಅದನ್ನು ಕಳಚಿಡಬೇಕು. ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕಿನ ಮೇಲೆ ಸ್ಥಾಪಿಸುವುದು ಮಾತ್ರ ಖಂಡಿತ ಬೇಡ. ಕಡತವನ್ನು ಉಳಿಸಲೆಂದು ತಂದ ತಂತ್ರಾಂಶವೇ ಆ ಕಡತದ ಜಾಗದಲ್ಲಿ ಹೋಗಿ ಕುಳಿತ ಪ್ರಸಂಗಗಳು ಕಡಿಮೆಯೇನಲ್ಲ.

ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ವಿದ್ಯುತ್ ಸಂಪರ್ಕವನ್ನೇ ತೆಗೆಯಿರಿ. ಅದನ್ನು ಫ್ರಿಜ್‌ನಲ್ಲಿಟ್ಟು ತಣಿಸಿದರೆ ಸರಿಹೋಗುತ್ತದೆ ಎಂಬ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಹೊರಗೆ ತೆಗೆದಾಗ ತಟ್ಟೆಗಳ ಮೇಲೆ ಕೂರುವ ತೇವದಿಂದ ಇದ್ದದ್ದೂ ಹೋಗುತ್ತದೆ.

ಪಡಿಯಚ್ಚು (ಡಿಸ್ಕಿನ ಬೈಟು ಬೈಟಿನ ನಕಲು) ತೆಗೆಯಬೇಕು ಎನ್ನುತ್ತಾರೆ. ಬೀಗ ತೆರೆದ ಮೇಲೆ ತೆಗೆಯಬೇಕೋ, ಮುಚ್ಚಿರುವಾಗಲೋ?

ಮುಚ್ಚಿರುವಾಗ, ಇಡೀ ಡಿಸ್ಕಿನದು, ಮೊದಲ ಸೆಕ್ಟರಿನಿಂದ (ಡಿಸ್ಕಿನ ಚಿಕ್ಕ ಖಾನೆ) ಕೊನೆಯದರವರೆಗೆ. ಹೆಡರ್, ಅದರ ಪ್ರತಿಗಳು, ಖಾಲಿ ಎಂದು ಕಾಣುವ ಜಾಗ, ಎಲ್ಲವೂ ಅದರಲ್ಲಿ ಬರಬೇಕು. ಲಿನಕ್ಸ್‌ನ ಜಿಎನ್‌ಯು ಡಿಡಿರೆಸ್ಕ್ಯೂ ಈ ಕೆಲಸಕ್ಕೆ ಹೇಳಿ ಮಾಡಿಸಿದ ಉಚಿತ ಸಾಧನ. ಅದು ಸಲೀಸಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ತೊಂದರೆ ಕೊಡುವ ಸೆಕ್ಟರ್‌ಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಓದಿದ್ದಾಯಿತು ಎಂಬುದನ್ನು ಒಂದು ನಕ್ಷೆಯ ಕಡತದಲ್ಲಿ ಬರೆದಿಡುವುದರಿಂದ ನಡುವೆ ವಿದ್ಯುತ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯಬಹುದು. ಆಮೇಲಿನ ಪ್ರಯೋಗಗಳೆಲ್ಲ ಪಡಿಯಚ್ಚಿನ ಇನ್ನೊಂದು ನಕಲಿನ ಮೇಲೆ ನಡೆಯಲಿ.

ಒಂದೆರಡು ಸೆಕ್ಟರ್ ಕೆಟ್ಟರೆ ಎನ್‌ಕ್ರಿಪ್ಟ್ ಆದ ಇಡೀ ಡಿಸ್ಕ್ ಓದಲಾಗದಂತೆ ಆಗುತ್ತದೆ ಎಂಬ ಭಯ ಬಹಳ ಜನರಲ್ಲಿದೆ. ಇಂದು ವ್ಯಾಪಕವಾಗಿರುವ ಎಕ್ಸ್‌ಟಿಎಸ್ ವಿಧಾನದಲ್ಲಿ ಪ್ರತಿ ಸೆಕ್ಟರ್ ಪ್ರತ್ಯೇಕವಾಗಿ ಎನ್‌ಕ್ರಿಪ್ಟ್ ಆಗುತ್ತದೆ. ಕೆಟ್ಟದ್ದು ಅಷ್ಟಕ್ಕೇ ನಿಲ್ಲುತ್ತದೆ. ಆದರೆ ಕೆಟ್ಟ ಆ ಸೆಕ್ಟರ್ ಹೆಡರಿನದೇ ಆಗಿದ್ದರೆ ಮಾತು ಬೇರೆ.

ಹೆಡರ್ ಎಂದರೇನು? ಎಲ್ಲರೂ ಅದಕ್ಕೇಕೆ ಅಷ್ಟು ಮಹತ್ವ ಕೊಡುತ್ತಾರೆ?

ನೀವು ಟೈಪ್ ಮಾಡುವ ಪಾಸ್‌ವರ್ಡ್ ದತ್ತಾಂಶವನ್ನು ನೇರವಾಗಿ ತೆರೆಯುವುದಿಲ್ಲ. ಡಿಸ್ಕನ್ನು ಮೊದಲ ಬಾರಿ ಎನ್‌ಕ್ರಿಪ್ಟ್ ಮಾಡುವಾಗ ಯಾದೃಚ್ಛಿಕವಾಗಿ ಹುಟ್ಟಿದ ಒಂದು ಮೂಲ ಕೀಲಿ ಇರುತ್ತದೆ, ದತ್ತಾಂಶವೆಲ್ಲ ಅದರಿಂದಲೇ ಮುಚ್ಚಿರುತ್ತದೆ. ಆ ಮೂಲ ಕೀಲಿಯನ್ನು ನಿಮ್ಮ ಪಾಸ್‌ವರ್ಡಿನಿಂದ ಮುಚ್ಚಿ ಹೆಡರಿನಲ್ಲಿ ಇಟ್ಟಿರುತ್ತಾರೆ. ಮನೆಯ ಬೀಗದ ಕೈಯನ್ನು ಇನ್ನೊಂದು ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಅದಕ್ಕೂ ಬೀಗ ಹಾಕಿದ ಹಾಗೆ. ಹೀಗಾಗಿ ಹೆಡರೂ ಅದರ ಪ್ರತಿಗಳೂ ನಾಶವಾದರೆ, ಪಾಸ್‌ವರ್ಡ್ ಅಕ್ಷರಕ್ಷರ ನೆನಪಿದ್ದರೂ, ಡಿಸ್ಕಿನ ಉಳಿದ ಭಾಗ ಒಂದು ಬೈಟೂ ಕೆಡದೆ ಇದ್ದರೂ, ಪ್ರಯೋಜನವಿಲ್ಲ. 1 ಟಿಬಿ ಡಿಸ್ಕಿನ ಭವಿಷ್ಯ ಕೆಲವೇ ನೂರು ಬೈಟುಗಳಲ್ಲಿ ಅಡಗಿರುತ್ತದೆ ಎಂಬುದು ಬಹಳ ಜನರಿಗೆ ತಿಳಿಯುವುದು ಅದು ಹೋದ ಮೇಲೆಯೇ.

ನಾನು ಬಿಟ್‌ಲಾಕರ್ ಹಾಕಿಕೊಂಡೇ ಇಲ್ಲ. ಲ್ಯಾಪ್‌ಟಾಪ್ ಈಗ 48 ಅಂಕಿಗಳ ಕೀಲಿ ಕೇಳುತ್ತಿದೆ. ಅದು ಎಲ್ಲಿ ಸಿಗುತ್ತದೆ?

ನೀವು ಹಾಕಿಕೊಳ್ಳದಿದ್ದರೂ ವಿಂಡೋಸ್ ಹಾಕಿರಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಮೊದಲ ಬಾರಿ ಒಳಹೊಕ್ಕಾಗಲೇ 'ಡಿವೈಸ್ ಎನ್‌ಕ್ರಿಪ್ಷನ್' ತಾನಾಗಿ ಚಾಲೂ ಆಗುವ ಏರ್ಪಾಡು ಇದೆ; 2024ರ ವಿಂಡೋಸ್ 11 ಆವೃತ್ತಿಯಿಂದ ಇದು ಇನ್ನಷ್ಟು ಯಂತ್ರಗಳಿಗೆ ಹರಡಿತು. ಮದರ್‌ಬೋರ್ಡ್ ಬದಲಿಸಿದಾಗ, ಬಯಾಸ್ ನವೀಕರಿಸಿದಾಗ, ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದಾಗ ಕೀಲಿ ಕೇಳುವ ಈ ನೀಲಿ ಪರದೆ ಕಾಣಿಸಿಕೊಳ್ಳುತ್ತದೆ.

ತಾನಾಗಿ ಚಾಲೂ ಆದ ಎನ್‌ಕ್ರಿಪ್ಷನ್ನಿನ ಕೀಲಿಯೂ ತಾನಾಗಿಯೇ ಆ ಖಾತೆಗೆ ಹೋಗಿರುತ್ತದೆ. ಬೇರೊಂದು ಫೋನಿನಿಂದ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ರಿಕವರಿ ಕೀಲಿಗಳ ಪುಟವನ್ನು ತೆರೆಯಿರಿ. ಹಲವು ಕೀಲಿಗಳು ಕಂಡರೆ, ಪರದೆಯ ಮೇಲಿರುವ ಕೀಲಿ ಗುರುತಿನ ಮೊದಲ 8 ಅಕ್ಷರಗಳಿಗೆ ಹೊಂದುವುದನ್ನು ಆರಿಸಿಕೊಳ್ಳಿ. ಇಲ್ಲಿ ನಮ್ಮ ಕಡೆ ಸಾಮಾನ್ಯವಾಗಿ ಆಗುವ ಎಡವಟ್ಟೊಂದಿದೆ: ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೋ ಮನೆಯ ಮಕ್ಕಳೋ ತಮ್ಮದೇ ಖಾತೆ ಹಾಕಿ ಅದನ್ನು ಶುರು ಮಾಡಿಕೊಟ್ಟಿರುತ್ತಾರೆ. ಕೀಲಿ ಅವರ ಖಾತೆಯಲ್ಲಿ ಇರುತ್ತದೆ. ಆದ್ದರಿಂದ ಆ ಯಂತ್ರಕ್ಕೆ ಎಂದಾದರೂ ಲಾಗಿನ್ ಆದವರೆಲ್ಲರನ್ನೂ ಕೇಳಿನೋಡಿ. ಕಚೇರಿಯ ಲ್ಯಾಪ್‌ಟಾಪ್ ಆದರೆ ಕೀಲಿ ಅಲ್ಲಿನ ಐಟಿ ವಿಭಾಗದ ಬಳಿ ಇರುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ನವೀಕರಣದ ದೋಷದಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದಾಗ, ಬೆಂಗಳೂರಿನವೂ ಸೇರಿದಂತೆ ಅನೇಕ ಕಂಪನಿಗಳ ಸಿಬ್ಬಂದಿ ಯಂತ್ರ ಯಂತ್ರಕ್ಕೂ ಈ 48 ಅಂಕಿಗಳನ್ನು ಕೈಯಿಂದಲೇ ಹೊಡೆಯಬೇಕಾಯಿತು.

ಯಾವ ಮೈಕ್ರೋಸಾಫ್ಟ್ ಖಾತೆಯನ್ನೂ ಎಂದೂ ಹಾಕಿರದ ಯಂತ್ರವಾಗಿದ್ದರೆ ಒಂದು ಆಶಾಭಾವವಿದೆ. ಅಂಥ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೂ ರಕ್ಷಣೆ ಇನ್ನೂ ಚಾಲೂ ಆಗದೆ, ಕೀಲಿ ಡಿಸ್ಕಿನಲ್ಲಿಯೇ ತೆರೆದಿಟ್ಟ ಸ್ಥಿತಿಯಲ್ಲಿ ಇರುತ್ತದೆ. ಅದನ್ನು ಇನ್ನೊಂದು ವಿಂಡೋಸ್ ಯಂತ್ರಕ್ಕೆ ಜೋಡಿಸಿದರೆ ಏನನ್ನೂ ಕೇಳದೆ ತೆರೆದುಕೊಳ್ಳುತ್ತದೆ.

ಕೀಲಿ ಬರೆದಿಟ್ಟ ಚೀಟಿಯಲ್ಲಿ ಒಂದೆರಡು ಅಂಕಿ ಮಸುಕಾಗಿವೆ. ಕೀಲಿ ಹೋದಂತೆಯೇ?

ಖಂಡಿತ ಇಲ್ಲ. ಬಿಟ್‌ಲಾಕರ್ ಕೀಲಿಯಲ್ಲಿ 6 ಅಂಕಿಗಳ 8 ಗುಂಪುಗಳಿವೆ, ಮತ್ತು ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಉದಾಹರಣೆಗೆ ಒಂದು ಗುಂಪು 3415-7 ಎಂದು, ಐದನೆಯ ಅಂಕಿ ಅಳಿಸಿಹೋಗಿ, ಕಾಣುತ್ತಿದೆ ಎಂದುಕೊಳ್ಳಿ. ಆ ಜಾಗದಲ್ಲಿ 0ಯಿಂದ 9ರವರೆಗೆ ಇಟ್ಟು ಭಾಗಿಸುತ್ತ ಹೋದರೆ 341517 ಒಂದೇ 11ರಿಂದ ಭಾಗವಾಗುತ್ತದೆ (11 × 31047). ಹೀಗೆ ಪ್ರತಿ ಗುಂಪಿನಲ್ಲಿ ಒಂದೊಂದು ಅಂಕಿ ಮಸುಕಾಗಿದ್ದರೂ ಎಲ್ಲವನ್ನೂ ಕಾಗದ ಪೆನ್ನಿನಲ್ಲೇ ಖಚಿತವಾಗಿ ಲೆಕ್ಕ ಹಾಕಿ ತುಂಬಬಹುದು. ಒಂದು ಗುಂಪಿನಲ್ಲಿ ಎರಡು ಅಂಕಿ ಹೋಗಿದ್ದರೆ ಸುಮಾರು 9 ಸಾಧ್ಯತೆಗಳು ಉಳಿಯುತ್ತವೆ. ಇಡೀ ಗುಂಪೇ ಹರಿದುಹೋಗಿದ್ದರೆ 65,536. ಇದು ಕೈಯಿಂದ ಆಗದಿದ್ದರೂ ಪಡಿಯಚ್ಚಿನ ಮೇಲೆ ಕಂಪ್ಯೂಟರ್ ಮಾಡಬಲ್ಲ ಕೆಲಸ. 1 ಮತ್ತು 7, 3 ಮತ್ತು 8 ಎಂಬ ಗೊಂದಲವಿದ್ದಾಗಲೂ ಇದೇ ಭಾಗಾಕಾರ ತೀರ್ಪು ಕೊಡುತ್ತದೆ.

ಸರಿಯಾದ ಕೀಲಿಯೇ ಇದೆ, ಆದರೂ ಬಿಟ್‌ಲಾಕರ್ ಡಿಸ್ಕ್ ತೆರೆಯುತ್ತಿಲ್ಲ. ಈಗೇನು?

ಬಿಟ್‌ಲಾಕರ್ ತನ್ನ ಮೆಟಾಡೇಟಾವನ್ನು (ಹೆಡರಿನಂತೆ ಕೀಲಿಯ ವಿವರಗಳಿರುವ ಭಾಗ) ಡಿಸ್ಕಿನ ಮೂರು ಬೇರೆ ಬೇರೆ ಕಡೆ ಇಟ್ಟಿರುತ್ತದೆ. ಒಂದು ಹಾಳಾದರೂ ಇನ್ನೊಂದು ಉಳಿದಿರುವ ಸಂಭವ ಹೆಚ್ಚು. ವಿಂಡೋಸ್‌ನಲ್ಲೇ ಇರುವ ರಿಪೇರ್-ಬಿಡಿಇ ಎಂಬ ಆದೇಶ ಸಾಧನ ಈ ಪ್ರತಿಗಳನ್ನು ಹುಡುಕಿ, ನೀವು ಕೊಟ್ಟ ಕೀಲಿಯಿಂದ ದತ್ತಾಂಶವನ್ನು ಬಿಡಿಸಿ ಇನ್ನೊಂದು ಡಿಸ್ಕಿಗೆ ಬರೆಯುತ್ತದೆ. ಆ ಇನ್ನೊಂದು ಡಿಸ್ಕಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮರೆಯಬಾರದು, ಖಾಲಿ ಡಿಸ್ಕನ್ನೇ ಕೊಡಿ.

ವೆರಾಕ್ರಿಪ್ಟ್ ಎಂಬ ಎನ್‌ಕ್ರಿಪ್ಷನ್ ತಂತ್ರಾಂಶದಿಂದ ಮುಚ್ಚಿದ ಡಿಸ್ಕ್ ಜೋಡಿಸಿದಾಗ 'ಫಾರ್ಮ್ಯಾಟ್ ಮಾಡಬೇಕು' ಎಂದು ವಿಂಡೋಸ್ ಕೇಳಿತು, ಸಮ್ಮತಿ ಕೊಟ್ಟಾಯಿತು. ಉಳಿದಿರಬಹುದೇ?

ತ್ವರಿತ ಫಾರ್ಮ್ಯಾಟ್ ಆಗಿದ್ದರೆ ಬಹುಪಾಲು ಉಳಿದಿರುತ್ತದೆ. ಪೂರ್ಣ ಫಾರ್ಮ್ಯಾಟ್ ಆಗಿದ್ದರೆ ಉಳಿದಿಲ್ಲ, ಏಕೆಂದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಇಡೀ ವಿಭಾಗದ (ಪಾರ್ಟಿಷನ್) ಮೇಲೆ ಸೊನ್ನೆಗಳನ್ನು ಬರೆಯುತ್ತದೆ.

ವೆರಾಕ್ರಿಪ್ಟ್‌ನ ಮುಖ್ಯ ಹೆಡರ್ ವಿಭಾಗದ ಮೊದಲ 512 ಬೈಟುಗಳಲ್ಲಿದೆ. ಅದರ ನಕಲು ವಿಭಾಗದ ಕೊನೆಯಿಂದ 1,31,072 ಬೈಟು ಹಿಂದೆ ಇದೆ. ಎನ್‌ಟಿಎಫ್‌ಎಸ್ ಆಗಿ ತ್ವರಿತ ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಆರಂಭದಲ್ಲಿ ಬೂಟ್ ಸೆಕ್ಟರ್ ಬರೆಯುವುದರಿಂದ ಮುಖ್ಯ ಹೆಡರ್ ಹೋಗುತ್ತದೆ. ಕೊನೆಯಲ್ಲಿ ಅದು ಮುಟ್ಟುವುದು ಕಟ್ಟಕಡೆಯ ಒಂದು ಸೆಕ್ಟರನ್ನು ಮಾತ್ರ, ಹಾಗಾಗಿ ಆ ನಕಲು ಸುರಕ್ಷಿತ. ಮೌಂಟ್ ಮಾಡುವಾಗ ಆಯ್ಕೆಗಳಲ್ಲಿ 'ಒಳಗಿನ ಬ್ಯಾಕಪ್ ಹೆಡರ್ ಬಳಸು' ಎಂಬ ಅರ್ಥದ ಗುರುತನ್ನು ಹಾಕಿ, ಜೊತೆಗೆ 'ಓದಲು ಮಾತ್ರ' ಎಂಬುದನ್ನೂ ಆರಿಸಿ, ಅದೇ ಹಳೆಯ ಪಾಸ್‌ವರ್ಡ್ ಕೊಡಿ. ತೆರೆದುಕೊಂಡರೆ ಕಡತಗಳನ್ನು ಮೊದಲು ಹೊರಗೆ ನಕಲು ಮಾಡಿಕೊಳ್ಳಿ. ಫಾರ್ಮ್ಯಾಟ್ ನಡುವೆ ಅಲ್ಲಲ್ಲಿ ಬರೆದ ಚೂರುಗಳಿಂದ ಒಳಗಿನ ಕಡತ ವ್ಯವಸ್ಥೆ ಕೆಟ್ಟಿದ್ದು ಏನೂ ಕಾಣದಿದ್ದರೆ, ತೆರೆದ ಆ ಡ್ರೈವ್ ಮೇಲೆ ಟೆಸ್ಟ್‌ಡಿಸ್ಕ್ ಅಥವಾ ಫೋಟೋರೆಕ್ ಎಂಬ ರಿಕವರಿ ಸಾಧನ ಓಡಿಸಬೇಕು. ವಿಂಡೋಸಿನ ಚೆಕ್‌ಡಿಸ್ಕ್ ಮಾತ್ರ ಬೇಡ. ಅದರ ಕೆಲಸ ವ್ಯವಸ್ಥೆಯನ್ನು ನೇರ್ಪುಗೊಳಿಸುವುದೇ ಹೊರತು ನಿಮ್ಮ ಕಡತವನ್ನು ಉಳಿಸುವುದಲ್ಲ, ಮತ್ತು ಅದು ಆ ಕೆಲಸವನ್ನು ಮೂಲದ ಮೇಲೆಯೇ ಬರೆದು ಮಾಡುತ್ತದೆ.

ರಿಕವರಿ ತಂತ್ರಾಂಶ ಅಳಿಸಿದ ಫೋಟೋಗಳನ್ನೆಲ್ಲ ತೋರಿಸುತ್ತಿದೆ, ವೆರಾಕ್ರಿಪ್ಟ್ ಕಂಟೇನರನ್ನು (ಹಲವು ಕಡತಗಳನ್ನು ಒಳಗಿಟ್ಟು ಮುಚ್ಚಿದ ಒಂದೇ ಕಡತ) ಮಾತ್ರ ತೋರಿಸುತ್ತಿಲ್ಲ. ಏಕೆ?

ಫೋಟೋರೆಕ್‌ನಂಥ ಸಾಧನಗಳು ಕಡತಗಳನ್ನು ಅವುಗಳ ಆರಂಭದಲ್ಲಿರುವ ನಿಶ್ಚಿತ ಬೈಟುಗಳಿಂದ ಗುರುತಿಸುತ್ತವೆ. ಜೆಪೆಗ್‌ಗೆ, ಪಿಡಿಎಫ್‌ಗೆ, ಜಿಪ್‌ಗೆ ಅಂಥ ಮುದ್ರೆ ಇದೆ. ಪಾಸ್‌ವರ್ಡ್ ಹಾಕಿದ ಜಿಪ್ ಕೂಡ ಹೀಗೆಯೇ ಸಿಕ್ಕಿಬಿಡುತ್ತದೆ. ಪಾಸ್‌ವರ್ಡ್ ಹಾಕಿದ ವರ್ಡ್ ಕಡತವೂ ಸಿಗುತ್ತದೆ, ಆದರೆ ಅದರ ಹೊರಕವಚ ಹಳೆಯ ಆಫೀಸ್ ಕಡತಗಳದ್ದಾಗಿರುವುದರಿಂದ ತಪ್ಪು ಹೆಸರಿನಡಿ ಬಂದಿರಬಹುದು. ಹುಡುಕುವಾಗ ಆ ಪಟ್ಟಿಯನ್ನೂ ನೋಡಿ. ವೆರಾಕ್ರಿಪ್ಟ್ ಕಂಟೇನರಿಗಾದರೋ ಯಾವ ಮುದ್ರೆಯೂ ಇಲ್ಲ. ಅದು ಕಂಟೇನರ್ ಎಂದೇ ತಿಳಿಯದಂತೆ ಮೊದಲ ಬೈಟಿನಿಂದಲೇ ಯಾದೃಚ್ಛಿಕವಾಗಿ ಕಾಣಬೇಕೆಂಬುದು ಅದನ್ನು ಮಾಡಿದವರ ಉದ್ದೇಶ.

ಆದ್ದರಿಂದ ಇಲ್ಲಿ ನೆಚ್ಚಬೇಕಾದ್ದು ಕಡತ ವ್ಯವಸ್ಥೆಯ ಅಳಿಸಿದ ದಾಖಲೆಯನ್ನು. ಎನ್‌ಟಿಎಫ್‌ಎಸ್‌ನ ಆ ದಾಖಲೆ ಇನ್ನೂ ಉಳಿದಿದ್ದರೆ ಕಡತದ ಹೆಸರು, ನಿಖರ ಗಾತ್ರ ಮತ್ತು ಅದರ ತುಂಡುಗಳು ಎಲ್ಲೆಲ್ಲಿವೆ ಎಂಬುದು ಸಿಗುತ್ತದೆ. ತುಂಡುಗಳನ್ನು ಜೋಡಿಸುವಾಗ ಪ್ರತಿಯೊಂದೂ ತನ್ನ ಮೂಲ ಸ್ಥಾನದಲ್ಲೇ ಕೂರಬೇಕು: ಪ್ರತಿ ಸೆಕ್ಟರಿನ ಎನ್‌ಕ್ರಿಪ್ಷನ್‌ನಲ್ಲಿ ಅದರ ಕ್ರಮಸಂಖ್ಯೆಯೂ ಸೇರಿರುವುದರಿಂದ, ಒಂದು ಸೆಕ್ಟರಿನಷ್ಟು ಹಿಂದೆಮುಂದೆಯಾದರೂ ಅಲ್ಲಿಂದಾಚೆಗೆ ಸಿಗುವುದು ಕಸವೇ. ನಡುವಿನ ತುಂಡು ಸಿಗದೇ ಹೋದರೆ ಅಷ್ಟೇ ಗಾತ್ರದ ಸೊನ್ನೆಗಳನ್ನು ಅಲ್ಲಿ ತುಂಬಿ, ಉಳಿದದ್ದು ತೆರೆಯುತ್ತದೆ.

ಲಿನಕ್ಸ್‌ನ ಎನ್‌ಕ್ರಿಪ್ಷನ್ ವ್ಯವಸ್ಥೆಯಾದ ಲಕ್ಸ್‌ನಿಂದ ಮುಚ್ಚಿದ ವಿಭಾಗದ ಆರಂಭ ಹಾಳಾಗಿದೆ. ಅದಕ್ಕೂ ಕೊನೆಯಲ್ಲಿ ಪ್ರತಿ ಇದೆಯೇ?

ಇಲ್ಲ. ಲಕ್ಸ್ 2ರಲ್ಲಿ ಮೆಟಾಡೇಟಾದ ಎರಡು ಪ್ರತಿಗಳಿದ್ದರೂ ಎರಡೂ ಆರಂಭದಲ್ಲಿಯೇ ಒತ್ತೊತ್ತಾಗಿವೆ, ಮತ್ತು ಕೀಲಿಗಳಿರುವ ಜಾಗಕ್ಕೆ ಪ್ರತಿಯೇ ಇಲ್ಲ. ಮೇಲಾಗಿ, ಅಳಿಸಿದ ಕೀಲಿ ಯಾರಿಗೂ ಸಿಗಬಾರದೆಂದು ಕೀಲಿಯನ್ನು 4,000 ಪಟ್ಟು ಹರಡಿ ಬರೆದಿರುತ್ತಾರೆ. ಅದರಲ್ಲಿ ಒಂದು ಸೆಕ್ಟರ್ ಹೋದರೂ ಆ ಕೀಲಿ ಹೋಯಿತು. ನೀವು ಮುಂಚೆಯೇ ಹೆಡರ್ ಬ್ಯಾಕಪ್ ತೆಗೆದಿಟ್ಟಿದ್ದರೆ ಅದನ್ನು ಮರುಸ್ಥಾಪಿಸಬಹುದು, ಆಗ ಬ್ಯಾಕಪ್ ತೆಗೆದ ದಿನದ ಪಾಸ್‌ವರ್ಡ್ ಬೇಕಾಗುತ್ತದೆ. ಬ್ಯಾಕಪ್ ಇಲ್ಲ, ಆದರೆ ವಿಭಾಗ ಈ ಕ್ಷಣದಲ್ಲಿ ತೆರೆದಿದೆ ಎಂದಾದರೆ ಯಂತ್ರವನ್ನು ಮರುಚಾಲನೆ ಮಾಡದೆ ದತ್ತಾಂಶವನ್ನೆಲ್ಲ ಹೊರಗೆ ತೆಗೆಯಿರಿ. ಇವೆರಡೂ ಇಲ್ಲವಾದರೆ ಯಾರಿಗೂ ಹಣ ಕೊಡಬೇಡಿ.

ವಿಂಡೋಸ್ ಮರುಸ್ಥಾಪಿಸಿದ ಮೇಲೆ ಹಸಿರು ಹೆಸರಿನ ಕಡತಗಳು ತೆರೆಯುತ್ತಿಲ್ಲ.

ಅವು ಇಎಫ್‌ಎಸ್‌ನಿಂದ, ಅಂದರೆ ಕಡತಗಳನ್ನು ಬಿಡಿಬಿಡಿಯಾಗಿ ಮುಚ್ಚುವ ವಿಂಡೋಸಿನ ವ್ಯವಸ್ಥೆಯಿಂದ, ಎನ್‌ಕ್ರಿಪ್ಟ್ ಆದವು. ವಿಂಡೋಸ್ 2000ದಿಂದ ಬಂದಿರುವ ಈ ವಿಧಾನದಲ್ಲಿ ಕೀಲಿ ನಿಮ್ಮ ಹಳೆಯ ಬಳಕೆದಾರ ಖಾತೆಯ ಫೋಲ್ಡರಿನಲ್ಲಿ, ಆ ಖಾತೆಯ ಪಾಸ್‌ವರ್ಡಿನ ರಕ್ಷಣೆಯಲ್ಲಿ ಇರುತ್ತದೆ. ಹೊಸ ಖಾತೆಗೆ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಅದು ಬೇರೆಯೇ ಖಾತೆ. ಆ ಕೀಲಿ ಇರುವ ಪ್ರಮಾಣಪತ್ರದ (ಸರ್ಟಿಫಿಕೇಟ್) ಬ್ಯಾಕಪ್ ಇಲ್ಲದಿದ್ದರೆ, ಈಗ ಹುಡುಕಬೇಕಾದ್ದು ಆ ಹಸಿರು ಕಡತಗಳನ್ನಲ್ಲ, ಮರುಸ್ಥಾಪನೆಯಲ್ಲಿ ಅಳಿಸಿಹೋದ ಹಳೆಯ ಖಾತೆಯ ಫೋಲ್ಡರನ್ನು. ಅದು ಸಿಕ್ಕಿ, ಹಳೆಯ ಪಾಸ್‌ವರ್ಡೂ ನೆನಪಿದ್ದರೆ ದಾರಿಯಿದೆ.

ಪಾಸ್‌ವರ್ಡ್ ಸರಿಯೇ ಇದೆ ಎಂಬ ಖಾತರಿ ಇದೆ, ಆದರೂ ಒಪ್ಪುತ್ತಿಲ್ಲ.

ಹೆಡರನ್ನು ಶಂಕಿಸುವ ಮೊದಲು ಕೀಲಿಮಣೆಯನ್ನು ಶಂಕಿಸಿ. ಪಾಸ್‌ವರ್ಡಿನಲ್ಲಿ ಕನ್ನಡ ಅಕ್ಷರಗಳಿದ್ದರೆ ಇದು ವಿಶೇಷವಾಗಿ ಅನ್ವಯಿಸುತ್ತದೆ. 'ಕೊಡಗು' ಎಂಬುದರ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಎನ್‌ಕ್ರಿಪ್ಷನ್‌ಗೆ ಮಾತ್ರ ಅವು ಬೇರೆ ಬೇರೆ ಪಾಸ್‌ವರ್ಡುಗಳು. ಕಣ್ಣಿಗೆ ಕಾಣದ ಜೋಡಕ ಸಂಕೇತಗಳು, ಕನ್ನಡ ಅಂಕಿ ೧ ಮತ್ತು ಇಂಗ್ಲಿಷ್ ಅಂಕಿ 1, ಇವೂ ಹಾಗೆಯೇ. ಹಳೆಯ ನುಡಿ ಅಥವಾ ಬರಹದ ಆಸ್ಕಿ ವಿಧಾನದಲ್ಲಿ ಹೊಡೆದ ಪಾಸ್‌ವರ್ಡ್ ಒಳಗೆ ಲ್ಯಾಟಿನ್ ಸಂಕೇತಗಳ ಸಾಲಾಗಿರುತ್ತದೆ. ಇಂದಿನ ಯೂನಿಕೋಡ್ ಕೀಲಿಮಣೆಯಿಂದ ಅದನ್ನು ಹೊಡೆಯಲು ಬರುವುದಿಲ್ಲ. ಸಾಧ್ಯವಾದರೆ ಅಂದು ಬಳಸಿದ ತಂತ್ರಾಂಶವನ್ನೇ, ಅದೇ ಆವೃತ್ತಿಯಲ್ಲಿ, ಸ್ಥಾಪಿಸಿ ಪ್ರಯತ್ನಿಸಿ.

ವೆರಾಕ್ರಿಪ್ಟ್‌ನಲ್ಲಿ ಕೀಫೈಲ್ (ಪಾಸ್‌ವರ್ಡಿನ ಜೊತೆ ಕೀಲಿಯಂತೆ ಕೊಡುವ ಕಡತ) ಬಳಸಿದ್ದರೆ ಇನ್ನೊಂದು ತೊಡಕು. ಆ ಕಡತದ ಮೊದಲ 1 ಎಂಬಿಯಲ್ಲಿ ಒಂದು ಬಿಟ್ ಬದಲಾದರೂ ಅದು ಕೆಲಸಕ್ಕೆ ಬಾರದು. ಹಾಡನ್ನು ಕೀಫೈಲ್ ಮಾಡಿಕೊಂಡು ಆಮೇಲೆ ಗಾಯಕರ ಹೆಸರು ತಿದ್ದಿದರೆ, ಚಿತ್ರವನ್ನು ವಾಟ್ಸಾಪ್ ಮೂಲಕ ಕಳುಹಿಸಿ ಮರಳಿ ಪಡೆದರೆ, ಅದು ಹಳೆಯ ಕಡತವಲ್ಲ.

ಪಾಸ್‌ವರ್ಡ್ ಮರೆತೇಹೋಗಿದೆ. ಊಹಿಸಿ ಹುಡುಕಬಹುದೇ?

ಎಷ್ಟು ನೆನಪಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೂರು ಹೆಸರುಗಳಲ್ಲಿ ಒಂದು, 50 ವರ್ಷಗಳಲ್ಲಿ ಒಂದು ಇಸವಿ, ಹತ್ತು ಚಿಹ್ನೆಗಳಲ್ಲಿ ಒಂದು, ಮೊದಲಕ್ಷರ ದೊಡ್ಡದೋ ಚಿಕ್ಕದೋ ಎಂದಾದರೆ ಒಟ್ಟು 3,000 ಸಾಧ್ಯತೆಗಳು. ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸುವ ಹ್ಯಾಶ್‌ಕ್ಯಾಟ್‌ನಂಥ ಸಾಧನಕ್ಕೆ ಇದು ದೊಡ್ಡ ಕೆಲಸವಲ್ಲ. ಕೀಲಿಮಣೆಯ 95 ಚಿಹ್ನೆಗಳಿಂದ ಗೊತ್ತುಗುರಿಯಿಲ್ಲದೆ ಆರಿಸಿದ 10 ಅಕ್ಷರಗಳ ಪಾಸ್‌ವರ್ಡ್ ಆದರೆ, ಸೆಕೆಂಡಿಗೆ ಸಾವಿರ ಪ್ರಯತ್ನಗಳ ವೇಗದಲ್ಲೂ ಎಲ್ಲವನ್ನೂ ನೋಡಿ ಮುಗಿಸಲು ಸುಮಾರು 190 ಕೋಟಿ ವರ್ಷ ಬೇಕು. ವೆರಾಕ್ರಿಪ್ಟ್ ರೂಢಿಯ ಎಸ್‌ಎಚ್‌ಎ-512 ಆಯ್ಕೆಯಲ್ಲಿ ಪ್ರತಿ ಪ್ರಯತ್ನಕ್ಕೂ 5 ಲಕ್ಷ ಆವರ್ತನಗಳ ಲೆಕ್ಕ ಮಾಡಿಸುವುದೇ ಈ ವೇಗ ಏರದಿರಲಿ ಎಂದು. ಆದ್ದರಿಂದ ಯಂತ್ರಕ್ಕಿಂತ ಮೊದಲು ನೆನಪನ್ನು ಕೆದಕಬೇಕು: ಆ ಕಾಲದ ನಿಮ್ಮ ಬೇರೆ ಪಾಸ್‌ವರ್ಡುಗಳು, ಹಳೆಯ ಡೈರಿ, ಬ್ರೌಸರಿನಲ್ಲಿ ಉಳಿದವು, ಎಲ್ಲವನ್ನೂ ಪಟ್ಟಿ ಮಾಡಿ.

ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಸಿಗುತ್ತದೆಯೇ?

ಹೆಚ್ಚಾಗಿ ಸಿಗುವುದಿಲ್ಲ. ಕಡತ ಅಳಿಸಿದ ಕೂಡಲೇ ಕಾರ್ಯಾಚರಣ ವ್ಯವಸ್ಥೆ ಆ ಜಾಗ ಇನ್ನು ಬೇಡ ಎಂದು ತಿಳಿಸುವ ಟ್ರಿಮ್ ಆದೇಶ ಕಳುಹಿಸುತ್ತದೆ, ಆ ಬಳಿಕ ಆ ಜಾಗವನ್ನು ಓದಿದರೆ ಸಾಮಾನ್ಯವಾಗಿ ಸೊನ್ನೆಗಳೇ ಬರುತ್ತವೆ. ವಿಂಡೋಸ್ 7ರಿಂದ ಇದು ಇದೆ, ಬಿಟ್‌ಲಾಕರ್ ಇದ್ದರೂ ನಡೆಯುತ್ತದೆ. ಲಕ್ಸ್ ಮೂಲತಃ ಟ್ರಿಮ್ ಅನ್ನು ಕೆಳಕ್ಕೆ ಬಿಡುವುದಿಲ್ಲ, ಆ ಆಯ್ಕೆಯನ್ನು ನೀವಾಗಲಿ ನಿಮ್ಮ ಲಿನಕ್ಸ್ ವಿತರಣೆಯಾಗಲಿ ಚಾಲೂ ಮಾಡಿರದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಆಪಲ್‌ನ ಟಿ2 ಚಿಪ್ ಇರುವ ಮತ್ತು ಎಂ ಸರಣಿಯ ಮ್ಯಾಕ್‌ಗಳಲ್ಲಿ ಸಂಗ್ರಹದ ಕೀಲಿ ಅದೇ ಯಂತ್ರದ ಚಿಪ್ಪಿಗೆ ಅಂಟಿಕೊಂಡಿರುವುದರಿಂದ, ಸ್ಮೃತಿ ಚಿಪ್ಪುಗಳನ್ನು ಬಿಚ್ಚಿ ಬೇರೆಡೆ ಓದುವ ಮಾತೇ ಇಲ್ಲ. ಆ ಬೋರ್ಡನ್ನೇ ಬದುಕಿಸಬೇಕು.

ಹೊರಗಿನ ಹಾರ್ಡ್ ಡಿಸ್ಕಿಗೆ ಪಾಸ್‌ವರ್ಡ್ ಹಾಕಿರಲಿಲ್ಲ. ಡಬ್ಬಿ ಕೆಟ್ಟಿತೆಂದು ಡಿಸ್ಕ್ ತೆಗೆದು ಕಂಪ್ಯೂಟರಿಗೆ ಜೋಡಿಸಿದರೆ ಖಾಲಿ ಕಾಣುತ್ತಿದೆ.

ವೆಸ್ಟರ್ನ್ ಡಿಜಿಟಲ್‌ನ ಮೈ ಪಾಸ್‌ಪೋರ್ಟ್ ಸರಣಿಯ ಅನೇಕ ಮಾದರಿಗಳಲ್ಲಿ ಯುಎಸ್‌ಬಿ ಸೇತುವೆ ಚಿಪ್ಪೇ ದತ್ತಾಂಶವನ್ನು ಎನ್‌ಕ್ರಿಪ್ಟ್ ಮಾಡುತ್ತದೆ, ಬಳಕೆದಾರರು ಪಾಸ್‌ವರ್ಡ್ ಇಡಲಿ ಬಿಡಲಿ. ಆದ್ದರಿಂದ ಆ ಹಳೆಯ ಸರ್ಕ್ಯೂಟ್ ಬೋರ್ಡನ್ನು ಎಸೆಯಬೇಡಿ. ವಿಂಡೋಸ್ ಕೇಳಿತೆಂದು ಡಿಸ್ಕನ್ನು 'ಇನಿಷಿಯಲೈಸ್' ಮಾಡಲೂಬೇಡಿ. ಡಬ್ಬಿ, ಬೋರ್ಡ್, ಡಿಸ್ಕ್ ಮೂರನ್ನೂ ಒಟ್ಟಿಗೆ ರಿಕವರಿಯವರ ಕೈಗೆ ಕೊಡಿ.

ರಾನ್ಸಮ್‌ವೇರ್ (ಕಡತಗಳನ್ನು ಮುಚ್ಚಿ ಹಣ ಕೇಳುವ ಕುತಂತ್ರಾಂಶ) ಎನ್‌ಕ್ರಿಪ್ಟ್ ಮಾಡಿದ ಕಡತಗಳ ವಿಷಯವೇನು?

ಇಲ್ಲಿ ಕೀಲಿ ನಿಮ್ಮ ಬಳಿ ಎಂದೂ ಇರಲೇ ಇಲ್ಲ. ಆದರೂ ಕೆಲವು ಬಾಗಿಲುಗಳು ತೆರೆದಿರುತ್ತವೆ. 2017ರ ಮೇ ತಿಂಗಳ ವನ್ನಾಕ್ರೈ ದಾಳಿಯಲ್ಲಿ, ಯಂತ್ರವನ್ನು ಮರುಚಾಲನೆ ಮಾಡದೆ ಇದ್ದ ಕೆಲವರಿಗೆ ಕೀಲಿಯ ಅವಿಭಾಜ್ಯ ಸಂಖ್ಯೆಗಳನ್ನು ಸ್ಮೃತಿಯಿಂದಲೇ ಹೆಕ್ಕಿ ತೆಗೆಯುವ ಸಾಧನ ನೆರವಾಯಿತು. ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ, ಕ್ರ್ಯಾಕ್ ಮಾಡಿದ ತಂತ್ರಾಂಶಗಳ ಜೊತೆ ಮನೆ ಮನೆಗೆ ಬಂದ ಪಿಡುಗು ಪ್ರತಿ ಕಡತದ ಮೊದಲ ಸುಮಾರು 150 ಕೆಬಿಯನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುತ್ತದೆ. ಮದುವೆಯ ದೊಡ್ಡ ವಿಡಿಯೋ, ದೊಡ್ಡ ಜಿಪ್ ಮುಂತಾದವುಗಳ ಉಳಿದ ಭಾಗ ಮೂಲದಂತೆಯೇ ಇದ್ದು, ದುರಸ್ತಿ ಸಾಧನಗಳಿಂದ ಬಹುಪಾಲು ಮರಳಿ ಬರುತ್ತದೆ. ಯೂರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳೊಡನೆ 2016ರಲ್ಲಿ ಆರಂಭಿಸಿದ 'ನೋ ಮೋರ್ ರಾನ್ಸಮ್' ತಾಣದಲ್ಲಿ ನಿಮ್ಮ ಒಂದು ಕಡತವನ್ನೂ ಬೆದರಿಕೆಯ ಟಿಪ್ಪಣಿಯನ್ನೂ ಕೊಟ್ಟರೆ, ಉಚಿತ ಪರಿಹಾರ ಇದೆಯೇ ಎಂದು ಅದು ಹೇಳುತ್ತದೆ. ಇಂದು ಇಲ್ಲವೆಂದರೂ ಎನ್‌ಕ್ರಿಪ್ಟ್ ಆದ ಕಡತಗಳನ್ನು ಎತ್ತಿಡಿ, ಗುಂಪುಗಳು ಸಿಕ್ಕಿಬಿದ್ದಾಗ ಕೀಲಿಗಳು ಹೊರಬಂದದ್ದುಂಟು. ಸಂಸ್ಥೆಗಳಿಗೆ 2022ರ ಏಪ್ರಿಲ್‌ನ ನಿರ್ದೇಶನದಂತೆ ಇಂಥ ಘಟನೆಯನ್ನು 6 ಗಂಟೆಗಳೊಳಗೆ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸುವ ಹೊಣೆಯೂ ಇದೆ.

ಡಿಸ್ಕನ್ನು ರಿಕವರಿ ಅಂಗಡಿಗೆ ಕೊಡುವಾಗ ಪಾಸ್‌ವರ್ಡನ್ನೂ ಕೊಡಬೇಕೇ?

ಪಡಿಯಚ್ಚು ತೆಗೆಯಲು ಬೇಡ. ಯಾಂತ್ರಿಕ ದೋಷವನ್ನು ಸರಿಪಡಿಸಿ ಸೆಕ್ಟರ್‌ಗಳನ್ನು ಓದುವ ಕೆಲಸಕ್ಕೆ ಒಳಗೇನಿದೆ ಎಂಬುದು ತಿಳಿಯಬೇಕಿಲ್ಲ. ಇಡೀ ಡಿಸ್ಕಿನ ಪಡಿಯಚ್ಚನ್ನು ಹೊಸ ಡಿಸ್ಕಿನಲ್ಲಿ ಕೊಡಿ ಎಂದು ಕೇಳಿ, ಬೀಗವನ್ನು ಮನೆಯಲ್ಲಿ ತೆರೆಯಬಹುದು. ಡಿಸ್ಕ್ ಕೊನೆಯುಸಿರು ಎಳೆಯುತ್ತಿದ್ದು ಬೇಕಾದ ಫೋಲ್ಡರನ್ನಷ್ಟೇ ಮೊದಲು ಓದಿಸಬೇಕಾದಾಗ, ಅದು ಎಲ್ಲಿದೆ ಎಂದು ತಿಳಿಯಲು ಅವರಿಗೆ ಕೀಲಿ ಬೇಕಾಗುತ್ತದೆ. ಆಗ ಬಿಟ್‌ಲಾಕರಿನ ರಿಕವರಿ ಕೀಲಿಯನ್ನು ಕೊಡಿ, ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡನ್ನು ಕೊಡಬೇಡಿ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ, ದೊಡ್ಡ ಪ್ರಯೋಗಾಲಯವಾಗಲಿ, ಕೊಡುವ ಮೊದಲು ಮೂರು ಮಾತು ಬರಹದಲ್ಲಿ ಇರಲಿ: ಮೂಲ ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ, ದತ್ತಾಂಶ ಸಿಗದಿದ್ದರೆ ಎಷ್ಟು ಶುಲ್ಕ, ಮತ್ತು ಅವರಲ್ಲಿ ಉಳಿಯುವ ಪ್ರತಿಯನ್ನು ಯಾವಾಗ ಅಳಿಸುತ್ತಾರೆ. ಕೀಲಿ ಇಲ್ಲದೆಯೇ ಬಿಟ್‌ಲಾಕರ್ ತೆರೆದುಕೊಡುತ್ತೇವೆ ಎಂದು ಮುಂಗಡ ಕೇಳುವವರಿಂದ ಡಿಸ್ಕನ್ನು ಆಗಿಂದಾಗಲೇ ವಾಪಸ್ ಪಡೆಯಿರಿ.